ಪ್ರಾಣಿಗಳ ಪುಸ್ತಕ ಕೊಳ್ಳುವ ಮುನ್ನ

ರಜೆ ಹತ್ತಿರ ಬಂತೆಂದರೆ ಪಾಲಕರು ಕೇಳುವ ಪ್ರಶ್ನೆ ಒಂದೇ: "ಸರ, ಹುಡುಗರಿಗೆ ಯಾವ ಪುಸ್ತಕ ಕೊಡಿಸಬೇಕ್ರಿ?" ಕೇಳಿದ್ದು ಸಂತೋಷ. ಆದರೆ ಕಲಬುರಗಿಗೋ ಹೈದರಾಬಾದಿಗೋ ಹೋದವರು ತರುವುದು ಬಹುಪಾಲು ಒಂದೇ ಬಗೆಯದು. ನುಣುಪು ಕಾಗದ, ಬಣ್ಣದ ಚಿತ್ರ, ಹಿಮಕರಡಿ, ಪೆಂಗ್ವಿನ್, ಕಾಂಗರೂ. ಇವು ಬೇಡವೆಂದಲ್ಲ. ಲೋಕ ದೊಡ್ಡದೆಂದು ಮಕ್ಕಳಿಗೆ ತಿಳಿಯಬೇಕು. ಆದರೆ ಕಾಂಗರೂವಿನ ಹೊಟ್ಟೆಚೀಲ ವಿವರಿಸುವ ಹುಡುಗ ತನ್ನ ಹೊಲದ ಬದುವಿನಲ್ಲಿ ಓಡಿದ್ದು ಮುಂಗುಸಿಯೋ ಉಡವೋ ಎಂದು ಹೇಳಲಾರದೆ ಹೋದರೆ ಆ ಓದು ಅರ್ಧವೇ ಆಯಿತು.

ಕನ್ನಡದಲ್ಲಿ ಇಂಥ ಪುಸ್ತಕಗಳೇ ಇಲ್ಲವೆಂಬ ಮಾತೂ ಕೇಳಿಬರುತ್ತದೆ. ಅದು ನಿಜವಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಶಿವರಾಮ ಕಾರಂತರ 'ಬಾಲಪ್ರಪಂಚ' 1936ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಮಕ್ಕಳಿಗೂ ಒಂದು ವಿಶ್ವಕೋಶ ಬೇಕೆಂದು ಆ ಕಾಲದಲ್ಲಿ ಒಬ್ಬರೇ ಯೋಚಿಸಿ ಬರೆದದ್ದು ಸಣ್ಣ ಸಾಹಸವಲ್ಲ. ಮುಂದೆ ಅವರೇ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನೂ ಬರೆದರು. ನಿರಂಜನರ ಸಂಪಾದಕತ್ವದಲ್ಲಿ 'ಜ್ಞಾನಗಂಗೋತ್ರಿ' ಏಳು ಸಂಪುಟಗಳಾಗಿ ಬಂತು. 1978ರಲ್ಲಿ 'ಬಾಲವಿಜ್ಞಾನ' ಮಾಸಪತ್ರಿಕೆ ಆರಂಭವಾಯಿತು. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' 1991ರಲ್ಲಿ ಪ್ರಕಟವಾಯಿತು. ಅದನ್ನು ಮಕ್ಕಳಿಗೆಂದೇ ಬರೆದದ್ದಲ್ಲ, ಆದರೂ ಎಂಟನೆಯ ತರಗತಿಯ ಮಗು ಕೂತಲ್ಲೇ ಓದಿ ಮುಗಿಸುತ್ತದೆ. ಹಕ್ಕಿ, ಮೀನು, ಜೇಡ, ನಾಯಿ ಎಲ್ಲವೂ ಅಲ್ಲಿ ನೆರೆಮನೆಯವರಂತೆ ಬಂದುಹೋಗುತ್ತವೆ.

ಹಾಗಾದರೆ ಅಂಗಡಿಯಲ್ಲಿ ನಿಂತು ಒಳ್ಳೆಯ ಪುಸ್ತಕವನ್ನು ಗುರುತಿಸುವುದು ಹೇಗೆ? ನಾನು ನಾಲ್ಕು ಪರೀಕ್ಷೆ ಮಾಡುತ್ತೇನೆ. ಐದು ನಿಮಿಷ ಸಾಕು.

ಮೊದಲನೆಯದು, ಒಂಟೆಯ ಪುಟ ತೆಗೆಯಿರಿ. ಡುಬ್ಬದಲ್ಲಿ ನೀರು ತುಂಬಿಕೊಂಡಿರುತ್ತದೆ ಎಂದು ಬರೆದಿದ್ದರೆ ಪುಸ್ತಕ ಕೆಳಗಿಡಿ. ಅಲ್ಲಿರುವುದು ಕೊಬ್ಬು. ಉಷ್ಟ್ರಪಕ್ಷಿ ಹೆದರಿ ಮರಳಿನಲ್ಲಿ ತಲೆ ಹೂತುಕೊಳ್ಳುತ್ತದೆ ಎಂಬುದೂ ಇಂಥದ್ದೇ ಕಟ್ಟುಕತೆ. ಗೋಸುಂಬೆ ಬಣ್ಣ ಬದಲಿಸುವುದು ಕೂತ ಜಾಗಕ್ಕೆ ಹೊಂದಿಕೊಳ್ಳಲೆಂದೇ ಅಲ್ಲ. ಸಿಟ್ಟು, ಭಯ, ಬಿಸಿಲು, ಚಳಿಗಳಿಗೂ ಅದರ ಬಣ್ಣ ಬದಲಾಗುತ್ತದೆ. ಒಂದು ಪುಸ್ತಕವನ್ನು ನೋಡಿ ಇನ್ನೊಂದನ್ನು ಬರೆಯುವವರು ಇಂಥ ತಪ್ಪುಗಳನ್ನೂ ಹಾಗೆಯೇ ನಕಲು ಮಾಡುತ್ತಾರೆ.

ಎರಡನೆಯದು ಅಳತೆ. ಒಂದು ಪುಟದಲ್ಲಿ ಆನೆ, ಎದುರು ಪುಟದಲ್ಲಿ ಅಷ್ಟೇ ದೊಡ್ಡ ಚಿಗಟ. ಉದ್ದ ಎಷ್ಟು, ತೂಕ ಎಷ್ಟು ಎಂದು ಬರೆಯದಿದ್ದರೆ ಮಗು ತಿಳಿಯುವುದು ಹೇಗೆ?

ಮೂರನೆಯದು ಹೆಸರು. ಸೇಡಂ ಸೀಮೆ ಗಡಿನಾಡು. ಒಂದೇ ಬೆಂಚಿನಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳು ಕೂತಿರುತ್ತಾರೆ. ಪುಸ್ತಕದ ಅಳಿಲು ಒಬ್ಬನ ಮನೆಯಲ್ಲಿ ಉಡುತ, ಇನ್ನೊಬ್ಬನ ಮನೆಯಲ್ಲಿ ಗಿಲಹರಿ. ಉಡುತ ಎಂಬ ಮಾತು ಕೇಳಿದ ಕನ್ನಡದ ಹುಡುಗನಿಗೆ ಉಡ ನೆನಪಾದರೆ ಆಶ್ಚರ್ಯವಿಲ್ಲ. ಚಿತ್ರ ಸ್ಪಷ್ಟವಾಗಿದ್ದರೆ ಈ ಗೊಂದಲ ತಾನೇ ಕಳೆದು ಒಂದು ಪ್ರಾಣಿಗೆ ಮೂರು ಹೆಸರು ಕಲಿತಂತಾಗುತ್ತದೆ.

ನಾಲ್ಕನೆಯದೇ ಮುಖ್ಯ. ಈ ಸಂಗತಿ ನಮಗೆ ಹೇಗೆ ತಿಳಿಯಿತು ಎಂಬುದನ್ನು ಪುಸ್ತಕ ಹೇಳುತ್ತದೆಯೇ? ಯಾರು ಕಾದು ಕುಳಿತು ನೋಡಿದರು, ಏನು ಎಣಿಸಿದರು? ಇದು ಇಲ್ಲದಿದ್ದರೆ ಅದು ವಿಜ್ಞಾನದ ಪುಸ್ತಕವಲ್ಲ, ಬಾಯಿಪಾಠದ ಪುಸ್ತಕ.

ಈಗ ಹಾವಿನ ಮಾತಿಗೆ ಬರುತ್ತೇನೆ. ಏಳನೆಯ ತರಗತಿಯ ಒಬ್ಬ ಹುಡುಗಿ ಒಮ್ಮೆ ಎದ್ದು ನಿಂತು ಕೇಳಿದಳು: "ಸರ, ಹಾವು ಹಾಲು ಕುಡಿಯಂಗಿಲ್ಲಂತ ಪುಸ್ತಕದಾಗ ಬರದಾರ. ನಮ್ಮವ್ವ ಪಂಚಮಿಗೆ ಹಾಲೆರೀತಾಳ. ಯಾವುದು ಖರೆ?" ತರಗತಿ ನಕ್ಕಿತು. ನಗುವ ಪ್ರಶ್ನೆಯಲ್ಲ ಅದು. ನಾನು ಹೇಳಿದ್ದಿಷ್ಟು: "ಅವ್ವ ಎರೆಯೋದು ಕಲ್ಲಿನ ನಾಗಪ್ಪಗ. ಅದು ಅವಳ ಭಕ್ತಿ. ಪುಸ್ತಕ ಹೇಳೋದು ಜೀವಂತ ಹಾವಿನ ಊಟದ ಮಾತು. ಹಾವಿನ ಊಟ ಇಲಿ, ಕಪ್ಪೆ, ಹಾಲಲ್ಲ." ಕಲ್ಲನಾಗರಕ್ಕೆ ಹಾಲೆರೆದು ದಿಟನಾಗರಕ್ಕೆ ಬಡಿಗೆ ಎತ್ತುವ ನಮ್ಮ ರೀತಿಯನ್ನು ಬಸವಣ್ಣನವರು 12ನೆಯ ಶತಮಾನದಲ್ಲೇ ಎತ್ತಿ ತೋರಿಸಿದ್ದಾರೆ. ಪುಸ್ತಕ ಮತ್ತು ಮನೆ ಎದುರುಬದುರು ನಿಂತಾಗ ಮಗುವನ್ನು ಗದರಿಸಬೇಡಿ. ಅವ್ವನನ್ನು ಹೀಯಾಳಿಸಲೂ ಕಲಿಸಬೇಡಿ. ಎರಡನ್ನೂ ಬೇರ್ಪಡಿಸಿ ನೋಡಲು ಕಲಿಸಿ.

ಇದರಲ್ಲಿ ಜೀವದ ಪ್ರಶ್ನೆಯೂ ಇದೆ. 2000ರಿಂದ 2019ರ ವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕನ್ನು ಚಿತ್ರ ನೋಡಿ ಗುರುತಿಸಬಲ್ಲ ಮಗು ಮನೆಗೊಂದು ಆಸ್ತಿ. ಕೇರೆಹಾವು ವಿಷದ್ದಲ್ಲ, ತೊಗರಿ ಚೀಲ ಕತ್ತರಿಸುವ ಇಲಿಗಳನ್ನು ತಿನ್ನುವ ಗೆಳೆಯ ಎಂದು ಅದು ಅಪ್ಪನಿಗೆ ಹೇಳಬಲ್ಲದು. ಹಾವು ಕಡಿದರೆ ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಡಿದ ಕೈಕಾಲು ಅಲುಗಾಡದಂತೆ ಇಟ್ಟು, ಮಂತ್ರ ಹಾಕುವವರ ಹತ್ತಿರ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಪ್ರತಿವಿಷ ಸಿಗುವುದು ಅಲ್ಲಿಯೇ. ಇಷ್ಟು ಹೇಳುವ ಪುಸ್ತಕ ಯಾವ ಬೆಲೆಗಾದರೂ ಅಗ್ಗ. ಆದರೆ ಮಕ್ಕಳೇ, ಗುರುತಿಸುವುದೆಂದರೆ ದೂರ ನಿಂತು ನೋಡುವುದು. ಹತ್ತಿರ ಹೋಗುವುದಲ್ಲ, ಹಿಡಿಯುವುದಂತೂ ಅಲ್ಲವೇ ಅಲ್ಲ.

ಪುಸ್ತಕ ಮತ್ತು ಹೊಲ ಜೊತೆಯಾಗಲಿ. ತೊಗರಿ ಹೂ ಬಿಟ್ಟಾಗ ಕಾಯಿಕೊರಕ ಕೀಡಿ ನೋಡದ ರೈತನ ಮಗ ನಮ್ಮ ಕಡೆ ಇಲ್ಲ. ಅದರ ತಾಯಿ ರಾತ್ರಿ ಹಾರುವ ಪತಂಗ, ಮೊಗ್ಗು-ಹೂಗಳ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ, ಬೆಳೆದ ಕೀಡಿ ಮಣ್ಣಿಗಿಳಿದು ಕೋಶವಾಗುತ್ತದೆ. ಇದನ್ನು ಓದಿದ ಹುಡುಗನಿಗೆ ನಮ್ಮ ರೈತರು ಗಿಡ ಅಲುಗಾಡಿಸಿ ಕೀಡಿಗಳನ್ನು ಅರಿವೆಯ ಮೇಲೆ ಉದುರಿಸುವುದು ಏಕೆಂದು ತಿಳಿಯುತ್ತದೆ. ಹೊಲದಲ್ಲಿ ಕಟ್ಟಿಗೆ ನೆಟ್ಟರೆ ಕಾಜಾಣ ಬಂದು ಕೂತು ಕೀಡಿ ಹೆಕ್ಕುತ್ತದೆ ಎಂಬುದೂ ತಿಳಿಯುತ್ತದೆ. ಇನ್ನು ಚಿಂಚೋಳಿಯ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದರು. ತೋಳ, ಕತ್ತೆಕಿರುಬ, ಕೃಷ್ಣಮೃಗ ಎಲ್ಲ ನಮ್ಮ ಪಕ್ಕದಲ್ಲೇ ಇವೆ. ಆಫ್ರಿಕದ ಸಿಂಹದ ಜೊತೆಗೆ ಇವುಗಳ ಹೆಸರೂ ಮಕ್ಕಳ ಬಾಯಲ್ಲಿರಲಿ.

ಮೊಬೈಲಿನಲ್ಲಿ ಎಲ್ಲ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ, ಆದರೆ ಮಗು ಒಂದನ್ನು ನೋಡಿ ಯೋಚಿಸುವುದರೊಳಗೆ ಇನ್ನೊಂದು ಬಂದಿರುತ್ತದೆ. ಪುಸ್ತಕ ಕಾಯುತ್ತದೆ. ಹಕ್ಕಿ ನೋಡಿ ಬಂದು ಮತ್ತೆ ಅದೇ ಪುಟ ತೆರೆಯಬಹುದು.

ಶಿಕ್ಷಕ ಮಿತ್ರರಿಗೂ ಒಂದು ಮಾತು. ಎಷ್ಟೋ ಶಾಲೆಗಳಲ್ಲಿ ಒಳ್ಳೆಯ ಪುಸ್ತಕಗಳು ಕಪಾಟಿನಲ್ಲಿ ಕೀಲಿಯೊಳಗಿವೆ. ಹರಿದಾವು ಎಂಬ ಅಂಜಿಕೆ. ಮಕ್ಕಳ ಕೈಯಲ್ಲಿ ಹರಿದ ಪುಸ್ತಕ ಕೆಲಸ ಮಾಡಿದ ಪುಸ್ತಕ. ಒರಲೆ ತಿಂದದ್ದು ಯಾರಿಗೂ ಉಪಯೋಗವಿಲ್ಲ. ಪಾಲಕರೇ, ಪುಸ್ತಕ ಕೊಡಿಸಿದ ಮರುದಿನವೇ ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಡಿ. ಓದು ಬಾರದವರಾದರೆ, "ನನಗ ಒಂದೀಟು ಓದಿ ಹೇಳು" ಎನ್ನಿರಿ. ಮಗುವಿಗೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.

ಮಕ್ಕಳೇ, ಈ ವಾರದ ಕೆಲಸ: ಬೇವಿನ ಮರದ ಅಳಿಲನ್ನು ನೋಡಿ ಅದರ ಬೆನ್ನಿನ ಬಿಳಿ ಗೆರೆಗಳನ್ನು ಎಣಿಸಿರಿ. ದಕ್ಷಿಣದ ಅಳಿಲಿಗೆ ಮೂರು, ಉತ್ತರದ್ದಕ್ಕೆ ಐದು ಎಂದು ಪುಸ್ತಕ ಹೇಳುತ್ತದೆ. ನಿಮ್ಮೂರಿನ ಅಳಿಲಿಗೆ ಎಷ್ಟು? ಒಂದೇ ಅಳಿಲು ನೋಡಿ ನಿರ್ಧರಿಸಬೇಡಿ. ಹತ್ತು ನೋಡಿ, ದಿನಾಂಕ ಹಾಕಿ ಬರೆದಿಡಿ, ಆಮೇಲೆ ನಿಮ್ಮ ಶಿಕ್ಷಕರಿಗೆ ತೋರಿಸಿ.