ಹಾವಿಗೊಂದು ಮನೆ, ಮರಿಗಳಿಗೆ 16

ಮಕ್ಕಳೇ, ಇಂಗ್ಲೆಂಡಿನಲ್ಲಿ ನಾಯಿ ಬೆಕ್ಕು ಸಾಕುವಂತೆ ಹಾವು ಸಾಕುವವರೂ ಇದ್ದಾರೆ. ನಾಗರಹಾವಿನಂಥ ವಿಷದ ಹಾವಿಗೆ 1976ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ವಿಷವಿಲ್ಲದ ಕಾರ್ನ್ ಸ್ನೇಕ್‌ಗೆ ಬೇಡ. ನಮ್ಮಲ್ಲಿ ಹಾಗಲ್ಲ. ಕೇರೆಹಾವನ್ನು ಹಿಡಿದು ಮನೆಯಲ್ಲಿ ಇಟ್ಟುಕೊಂಡರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇದನ್ನು ಓದಿ ಯಾರೂ ಗೋಣಿಚೀಲ ಹಿಡಿದು ಹಿತ್ತಲಿಗೆ ಹೊರಡಬೇಡಿ!

ಅಲ್ಲಿರುವ ನನ್ನ ಮಗಳ ಮಗನಿಗೆ 15 ವರ್ಷ. ಅವನ ಹತ್ತಿರ ಎರಡು ಕಾರ್ನ್ ಸ್ನೇಕ್‌ಗಳಿವೆ, ಒಂದು ಗಂಡು, ಒಂದು ಹೆಣ್ಣು. ಕಿತ್ತಳೆ ಮೈಮೇಲೆ ಕೆಂಪು ಮಚ್ಚೆ, ಸುಮಾರು 4 ಅಡಿ ಉದ್ದ. ಮೂಲ ಅಮೆರಿಕದ ಆಗ್ನೇಯ ಭಾಗ. ಮೆಕ್ಕೆಜೋಳದ ಕಣಜಕ್ಕೆ ಇಲಿ ಹುಡುಕಿಕೊಂಡು ಬರುತ್ತಿದ್ದುದರಿಂದ ಈ ಹೆಸರು ಅನ್ನುತ್ತಾರೆ. “ತಾತ, ಈ ಸಲ ಮರಿ ಮಾಡಿಸ್ತೀನಿ” ಅಂದ ಫೋನಿನಲ್ಲಿ. ಪಕ್ಕದಲ್ಲಿದ್ದ ನಮ್ಮವಳು ಎದ್ದು ಸೀದಾ ದೇವರ ಮನೆಗೆ ಹೋದಳು.

ಪೆಟ್ಟಿಗೆಗಳನ್ನು ಅವನೇ ಮಾಡಿದ್ದು. ಪ್ಲೈವುಡ್, ಮುಂದೆ ಜಾರುವ ಗಾಜು, ಒಂದೊಂದೂ 4 ಅಡಿ ಉದ್ದ, 2 ಅಡಿ ಅಗಲ. ಮರಗೆಲಸ ದೊಡ್ಡದಲ್ಲ, ಕಾವಿನ ಲೆಕ್ಕವೇ ಮುಖ್ಯ. ನಮ್ಮಂತೆ ಒಳಗಿನಿಂದ ಮೈ ಬೆಚ್ಚಗಿಟ್ಟುಕೊಳ್ಳುವುದು ಹಾವಿಗೆ ಆಗದು. ತಿಂದ ಇಲಿ ಅರಗಬೇಕಾದರೂ ಹೊರಗಿನ ಕಾವು ಬೇಕು. ಕಾಡಿನಲ್ಲಿ ಬಿಸಿಲಿಗೆ ಬರುತ್ತದೆ, ಸಾಕೆನಿಸಿದರೆ ನೆರಳಿಗೆ ಸರಿಯುತ್ತದೆ. ಪೆಟ್ಟಿಗೆಯಲ್ಲೂ ಅದಕ್ಕೆ ಅವಕಾಶವಿರಬೇಕು. ಹಾಗಾಗಿ ಒಂದು ತುದಿಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್, ಇನ್ನೊಂದರಲ್ಲಿ 24. ಅಡಗಲು ಗೂಡು ಎರಡೂ ಕಡೆ ಬೇಕು. ಒಂದೇ ಕಡೆ ಇಟ್ಟರೆ ಹಾವು ಚಳಿಯಾದರೂ ಅಲ್ಲೇ ಮುದುಡಿ ಕೂರುತ್ತದೆ. ಅದಕ್ಕೆ ಬೆಚ್ಚಗಿರುವುದಕ್ಕಿಂತ ಕಾಣದಂತೆ ಇರುವುದು ಮುಖ್ಯ. ಬಲ್ಬಿಗೆ ತಂತಿಯ ಬಲೆ ಕಡ್ಡಾಯ, ಇಲ್ಲದಿದ್ದರೆ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ. ಕಾವು ಮಿತಿ ಮೀರದಂತೆ ಥರ್ಮೋಸ್ಟಾಟ್ ಬೇರೆ. ವಾರ್ನಿಷಿನ ವಾಸನೆ ಪೂರ್ತಿ ಹೋಗಲಿ ಎಂದು ಮೂರು ವಾರ ಪೆಟ್ಟಿಗೆಗಳನ್ನು ಖಾಲಿ ಇಟ್ಟಿದ್ದ. ಹದಿನೈದರ ಹುಡುಗ ಮೂರು ವಾರ ಕಾದನಲ್ಲ, ನನಗೆ ಅದೇ ಆಶ್ಚರ್ಯ.

ಮೊಟ್ಟೆಯ ವಿಷಯ ಕೇಳಿ. ಹೆಣ್ಣು ಹಾವು ಮೊಟ್ಟೆಯಿಡುವ ಕೆಲವು ದಿನ ಮೊದಲು ಒಮ್ಮೆ ಪೊರೆ ಬಿಡುತ್ತದೆ. ಆಗ ಒದ್ದೆ ಪಾಚಿ ತುಂಬಿದ ಡಬ್ಬಿಯೊಂದನ್ನು ಒಳಗಿಡಬೇಕು. ಅದರೊಳಗೆ ಹೋಗಿ ಹದಿನೈದು ಇಪ್ಪತ್ತು ಮೊಟ್ಟೆ ಇಡಬಹುದು. ಚಿಪ್ಪು ಗಟ್ಟಿಯಲ್ಲ, ತೊಗಲಿನಂತೆ. ಕೋಳಿ ತನ್ನ ಮೊಟ್ಟೆಗಳನ್ನು ಹೊರಳಿಸುತ್ತಲೇ ಇರುತ್ತದಲ್ಲ, ಇಲ್ಲಿ ಹಾಗೆ ಮಾಡಿದರೆ ಒಳಗಿನ ಜೀವ ಸತ್ತೇ ಹೋಗಬಹುದು. ಅದಕ್ಕೇ ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಅದೇ ಭಾಗ ಮೇಲಿರುವಂತೆ ಬೇರೆ ಡಬ್ಬಿಗೆ ಸಾಗಿಸುತ್ತಾರೆ. 28 ಡಿಗ್ರಿಯಲ್ಲಿ ಸುಮಾರು 60 ದಿನಕ್ಕೆ ಮರಿ ಹೊರಬರುತ್ತದೆ.

ನಾನು ಅವನಿಗೆ ಕೇಳಿದ್ದು ಅದರ ಮುಂದಿನದು. “16 ಮೊಟ್ಟೆ ಅಂತ ಇಟ್ಕೊ. ಮರಿ ಎಲ್ಲಿಡ್ತೀಯೋ?” ಒಟ್ಟಿಗೆ ಇಡುವ ಹಾಗಿಲ್ಲ, ಒಂದನ್ನೊಂದು ನುಂಗಿದರೂ ನುಂಗಿದವೇ. ಅಲ್ಲಿಗೆ 16 ಡಬ್ಬಿ, 16 ನೀರಿನ ಬಟ್ಟಲು. ಸಣ್ಣ ಸಂದು ಸಿಕ್ಕರೂ ನುಸುಳಿಹೋಗುವುದರಿಂದ 16 ಬಿಗಿ ಮುಚ್ಚಳ. ಮೊದಲ ಪೊರೆ ಬಿಟ್ಟ ಮೇಲೆ ವಾರಕ್ಕೊಂದರಂತೆ ಕೂದಲು ಮೂಡದ ಇಲಿಮರಿ, ಅಂದರೆ ತಿಂಗಳಿಗೆ 64. ಅವು ಅಂಗಡಿಯಲ್ಲಿ ಫ್ರೀಜ್ ಮಾಡಿದವೇ ಸಿಗುತ್ತವೆ. ಈಗಾಗಲೇ ಬಟಾಣಿ ಪ್ಯಾಕೆಟ್ಟಿನ ಪಕ್ಕ ಇಲಿ ಇಟ್ಟಿದ್ದಕ್ಕೆ ಮನೆಯಲ್ಲಿ ದೊಡ್ಡ ರಂಪವಾಗಿದೆ. ಸಾಕಲಾಗದೆ ಹೊರಗೆ ಬಿಡುವಂತೆಯೂ ಇಲ್ಲ; ಅದು ಆ ನೆಲದ ಪ್ರಾಣಿಯಲ್ಲ, ಬಿಡುವುದು ಕಾನೂನಿಗೆ ವಿರುದ್ಧ. ಒಂದೊಂದೂ 15–20 ವರ್ಷ ಬದುಕುವ ಜೀವ. ಮನೆ ಸಿಗದಿದ್ದರೆ ಇವನು 35 ದಾಟುವವರೆಗೂ ಇವನದೇ ಜವಾಬ್ದಾರಿ.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಗದ ಪೆನ್ನು ತಂದ.

ಮರಿ ಸಾಕಲು ಒಪ್ಪಿ, ಪೆಟ್ಟಿಗೆ ಮಾಡಿ ತೋರಿಸಿದವರ ಹೆಸರನ್ನಷ್ಟೇ ಪಟ್ಟಿಗೆ ಸೇರಿಸುತ್ತಿದ್ದಾನೆ. ಕಳೆದ ಭಾನುವಾರಕ್ಕೆ ಆರು ಹೆಸರಾಗಿತ್ತು. ಉಳಿದ ಹತ್ತು ಸಿಗುವವರೆಗೆ ಗಂಡು ಒಂದು ಪೆಟ್ಟಿಗೆಯಲ್ಲಿ, ಹೆಣ್ಣು ಇನ್ನೊಂದರಲ್ಲಿ.