ಕೈಯೊಳಗಿನ ಯಂತ್ರದ ಸಾಕ್ಷ್ಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಓದಿದ ಮಕ್ಕಳು ತಮ್ಮ ಮನೆಯಲ್ಲಿಯೇ ಕುಳಿತು ಆ್ಯಪ್ ರಚಿಸುವುದು ಈಗ ಆಶ್ಚರ್ಯದ ಮಾತಲ್ಲ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅದರ ದಿನದಿನದ ಧಾರಣೆಯನ್ನು ಬೆಳೆಗಾರರಿಗೆ ತಿಳಿಸಬೇಕೆಂದು ಒಬ್ಬ ಹುಡುಗನಿಗೆ ತೋರಬಹುದು. ಬಾಗೇವಾಡಿಯ ಒಬ್ಬ ಹುಡುಗಿಗೆ ಬಸವಣ್ಣನವರ ವಚನಗಳನ್ನು ದಿನಕ್ಕೊಂದರಂತೆ ಓದಿಸಬೇಕೆಂಬ ಹಂಬಲವುಂಟಾಗಬಹುದು. ರಚನೆಯು ಮುಗಿದ ಬಳಿಕ ಅದನ್ನು ಗೂಗಲ್ ಸಂಸ್ಥೆಯ ಪ್ಲೇ ಸ್ಟೋರ್ ಎಂಬ ಅಂಗಡಿಯಲ್ಲಿ ಇಡಬೇಕಷ್ಟೆ. ಆ ಸಮಯಕ್ಕೆ ಮಗನು ತಂದೆಯ ಬಳಿಗೆ ಬಂದು, “ನಿಮ್ಮ ಫೋನನ್ನು ಸ್ವಲ್ಪ ಹೊತ್ತು ಕೊಡಿರಿ, ನಿಜವಾದ ಯಂತ್ರವು ನನ್ನ ಕೈಯಲ್ಲಿದೆಯೆಂದು ತೋರಿಸಬೇಕಾಗಿದೆ” ಎನ್ನುತ್ತಾನೆ. ಬ್ಯಾಂಕಿನ ಗುಪ್ತಾಂಕಗಳೆಲ್ಲ ಅದೇ ಫೋನಿಗೆ ಬರತಕ್ಕವಾದ್ದರಿಂದ ಗೃಹಸ್ಥನಿಗೆ ಸಂಶಯವುಂಟಾಗುವುದು ಸಹಜವೇ. ಇದೇನು ವಿಧಿ, ಇದಕ್ಕೆ ಫೋನು ಕೊಡಬಹುದೋ ಕೊಡಬಾರದೋ ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಆ್ಯಪ್ ರಚಿಸುವವನು ಮೊದಲು ಆ ಅಂಗಡಿಯಲ್ಲಿ ತನ್ನ ಹೆಸರಿನ ಖಾತೆಯನ್ನು ತೆರೆಯಬೇಕು. ಅದಕ್ಕೆ 25 ಡಾಲರು ಶುಲ್ಕವನ್ನು ಒಮ್ಮೆ ಮಾತ್ರ ಕೊಡತಕ್ಕದ್ದು. (ಪರದೇಶದ ವ್ಯವಹಾರಕ್ಕೆ ತೆರವು ಮಾಡಿಸದ ಬ್ಯಾಂಕ್ ಕಾರ್ಡಿನಿಂದ ಈ ಹಣವು ಸಲ್ಲುವುದಿಲ್ಲ, 2020ರಿಂದ ಹೊಸ ಕಾರ್ಡುಗಳು ಸ್ವದೇಶದ ಬಳಕೆಗೆ ಮಾತ್ರ ತೆರೆದು ಬರುತ್ತವಾದ ಕಾರಣ, ಎಷ್ಟೋ ಮಂದಿ ಇಲ್ಲಿಯೇ ಎಡವುತ್ತಾರೆ.) ಅನಂತರ ಸರಕಾರದ ಗುರುತಿನ ಪತ್ರದಲ್ಲಿದ್ದಂತೆಯೇ ಹೆಸರು, ವಿಳಾಸಗಳನ್ನು ಕೊಡಬೇಕು. ಮೂರನೆಯದೇ ಯಂತ್ರದ ಪರೀಕ್ಷೆ. ಹೊಸದಾಗಿ ವೈಯಕ್ತಿಕ ಖಾತೆ ತೆರೆದವನು ಪ್ಲೇ ಕನ್ಸೋಲ್ ಎಂಬ ಆ್ಯಪನ್ನು ಒಂದು ನಿಜವಾದ ಆಂಡ್ರಾಯ್ಡ್ ಫೋನಿನಲ್ಲಿ ಇಳಿಸಿಕೊಂಡು, ಖಾತೆಯ ಒಡೆಯನಾಗಿ ಅದರೊಳಗೆ ಪ್ರವೇಶಿಸಿ, ಅದು ಹೇಳಿದ ಕ್ರಮವನ್ನು ಮುಗಿಸಬೇಕು. ಇದಾಗದ ಹೊರತು ಅವನ ರಚನೆಯು ಅಂಗಡಿಯ ಹಲಗೆಯನ್ನು ಏರಲಾರದು. ಫೋನು ತೀರ ಹಳೆಯದಾಗಿದ್ದರೂ ನಡೆಯದು. ಅದರಲ್ಲಿ ಆಂಡ್ರಾಯ್ಡ್ 10 ಅಥವಾ ಅದಕ್ಕೆ ಮುಂದಿನದು ಇರಬೇಕು.

ಖಾತೆಗೆ ಕೊಟ್ಟ ದೂರವಾಣಿ ಸಂಖ್ಯೆಗೆ ಗುಪ್ತಾಂಕವನ್ನು ಕಳಿಸಿ ಪರೀಕ್ಷಿಸುವುದೂ ಉಂಟು. ಅದು ಬೇರೆ, ಇದು ಬೇರೆ. ಅಲ್ಲಿ ಸಂಖ್ಯೆಯ ವಿಚಾರ, ಇಲ್ಲಿ ಯಂತ್ರದ ವಿಚಾರ.

ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ, ಗಣಕಯಂತ್ರದೊಳಗೆ ಎಮ್ಯುಲೇಟರ್ ಎಂಬುದೊಂದಿದೆ. ಅದು ಹಗಲುವೇಷದವನಂತೆ ಫೋನಿನ ಸೋಗು ಹಾಕುತ್ತದೆ. ಆ್ಯಪ್ ಬರೆಯುವವರಿಗೆ ಅದು ಬಹಳ ಉಪಯುಕ್ತವಾದ ಸಾಧನ. ಆದರೆ ಮೋಸಗಾರನೊಬ್ಬನು ಒಂದೇ ಕೋಣೆಯಲ್ಲಿ ಕುಳಿತು ಅಂಥ ನೂರು ಸೋಗುಗಳನ್ನು ಎಬ್ಬಿಸಿ ನೂರು ಖಾತೆಗಳನ್ನು ತೆರೆಯಬಹುದು. ನಿಜವಾದ ಯಂತ್ರವನ್ನೇ ಕೇಳಿದರೆ ನೂರು ಫೋನುಗಳನ್ನು ಕೊಳ್ಳಬೇಕಾಗುತ್ತದೆ. ನಮ್ಮ ರೈತರಿಗೆ ಈ ತತ್ತ್ವವು ಹೊಸದಲ್ಲ. 2020ರ ಮುಂಗಾರಿನಲ್ಲಿ ರಾಜ್ಯ ಸರಕಾರವು ರೈತರೇ ತಮ್ಮ ಬೆಳೆಯ ಸಮೀಕ್ಷೆ ಮಾಡುವ ಆ್ಯಪನ್ನು ಹೊರಡಿಸಿದಾಗ, ತೊಗರಿಯ ಹೊಲಕ್ಕೆ ಹೋಗಿ ನಿಂತು ಬೆಳೆಯ ಚಿತ್ರವನ್ನು ತೆಗೆಯಬೇಕಾಗಿತ್ತು. ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿದ ಮಾತಿಗಿಂತ ಹೊಲದಲ್ಲಿ ನಿಂತು ತೋರಿಸಿದ್ದಕ್ಕೆ ಬೆಲೆ ಹೆಚ್ಚಲ್ಲವೇ?

ಆದರೂ ಒಂದು ಮಾತನ್ನು ಮುಚ್ಚದೆ ಹೇಳಬೇಕು. ಈ ಪರೀಕ್ಷೆಯು ಫೋನು ನಿಜವೆಂದು ತೋರಿಸುತ್ತದೆ. ಫೋನು ಹಿಡಿದವನು ಸತ್ಯವಂತನೆಂದು ತೋರಿಸುವುದಿಲ್ಲ. ಮೋಸದ ಖರ್ಚನ್ನು ಹೆಚ್ಚಿಸುವುದಷ್ಟೇ ಅದರ ಶಕ್ತಿ. ಖರ್ಚು ಹೆಚ್ಚಿದೊಡನೆ ಮೋಸಗಾರನು ಏನು ಮಾಡುತ್ತಾನೆ? ನೂರು ಫೋನು ಕೊಳ್ಳುವ ಬದಲು, ಫೋನೂ ಗುರುತಿನ ಪತ್ರವೂ ಉಳ್ಳ ನೂರು ಬಡ ಹುಡುಗರನ್ನು ಹುಡುಕುತ್ತಾನೆ. “ನಿನ್ನ ಹೆಸರಿನಲ್ಲಿ ಖಾತೆ ತೆರೆದು, ನಿನ್ನ ಫೋನಿನಲ್ಲಿ ಪರೀಕ್ಷೆ ಮುಗಿಸಿಕೊಡು, ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ, ಇಷ್ಟು ರೂಪಾಯಿ ಕೊಡುತ್ತೇವೆ” ಎಂಬ ಸಂದೇಶವು ಇಂಥವರಿಂದಲೇ ಬರುವುದು. ಗೃಹಸ್ಥನು ಎಚ್ಚರದಿಂದಿರಬೇಕಾದ ಸ್ಥಳವು ಇದು. ಮಗನ ಸ್ವಂತ ಖಾತೆಗೆ ತಂದೆಯ ಫೋನನ್ನು ಕೊಡುವುದರಲ್ಲಿ ಭಯವಿಲ್ಲ. ಹಣದ ಆಸೆಗೆ ಪರರ ಖಾತೆಗೆ ಕೊಡುವುದೆಂದರೆ ಖಾಲಿ ಕಾಗದಕ್ಕೆ ಸಹಿ ಹಾಕಿದಂತೆ.

ಇದು ಬರಿಯ ಹೆದರಿಕೆಯಲ್ಲ. ಸಾಲ ಕೊಡುವ ನೆಪದಿಂದ ಜನರ ಫೋನಿನೊಳಗಿನ ಹೆಸರುಗಳನ್ನೂ ಚಿತ್ರಗಳನ್ನೂ ಕದ್ದು, ಬಂಧುಬಳಗದವರ ಮುಂದೆ ಮಾನ ಕಳೆಯುವೆವೆಂದು ಬೆದರಿಸಿದ ಆ್ಯಪುಗಳ ಕಥೆಯು ಎಲ್ಲರಿಗೂ ಗೊತ್ತಿದ್ದದ್ದೇ. 2021ರ ಏಪ್ರಿಲಿನಿಂದ 2022ರ ಜುಲೈವರೆಗೆ ಗೂಗಲ್ ಸಂಸ್ಥೆಯು ಅಂಥ 2,500ಕ್ಕೂ ಹೆಚ್ಚು ಸಾಲದ ಆ್ಯಪುಗಳನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತೆಂದು ಕೇಂದ್ರ ಸರಕಾರವು 2023ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿತು. ಅಂಥದೊಂದು ಆ್ಯಪು ನಿಮ್ಮ ಹುಡುಗನ ಹೆಸರಿನಲ್ಲಿ ಹೊರಬಿದ್ದರೆ, ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಗುರುತಿನ ಪತ್ರ ಕೊಟ್ಟವನ ಬಾಗಿಲಿಗೆ. ಸಂಸ್ಥೆಯೂ ಆ ಖಾತೆಯನ್ನು ಮುಚ್ಚುವುದಲ್ಲದೆ ಅದಕ್ಕೆ ಸಂಬಂಧಪಟ್ಟ ಬೇರೆ ಖಾತೆಗಳನ್ನೂ ಮುಚ್ಚುತ್ತದೆ, ಹೊಸದನ್ನು ತೆರೆಯಗೊಡುವುದಿಲ್ಲ. ಇಪ್ಪತ್ತು ವರ್ಷದ ಹುಡುಗನಿಗೆ ಆ ಉದ್ಯೋಗದ ದಾರಿಯೇ ಕಟ್ಟಿಹೋದಂತೆ. ಈಗಾಗಲೇ ಯಾರಾದರೂ ಇಂಥ ಬಲೆಗೆ ಸಿಕ್ಕಿದ್ದರೆ 1930 ಎಂಬ ಸಹಾಯವಾಣಿಗೆ ಕೂಡಲೆ ತಿಳಿಸುವುದು ಒಳ್ಳೆಯದು.

ಹೆಣ್ಣುಮಕ್ಕಳ ತಾಯಿತಂದೆಗಳು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಆ್ಯಪಿನಿಂದ ಹಣ ಗಳಿಸದಿದ್ದರೆ ಅಂಗಡಿಯಲ್ಲಿ ರಚಿಸಿದವರ ಹೆಸರು, ದೇಶ, ಮಿಂಚಂಚೆ ಇಷ್ಟೇ ಕಾಣುತ್ತವೆ. ಗಳಿಸತೊಡಗಿದರೆ ಪೂರ್ಣ ವಿಳಾಸವು ಎಲ್ಲರಿಗೂ ಕಾಣುತ್ತದೆ. ವಚನದ ಆ್ಯಪನ್ನು ಧರ್ಮಾರ್ಥವಾಗಿ ಇಡುವುದೋ ಬೆಲೆ ಕಟ್ಟುವುದೋ ಎಂಬುದನ್ನು ಈ ದೃಷ್ಟಿಯಿಂದಲೂ ಮೊದಲೇ ಆಲೋಚಿಸಬೇಕು.

ಯಂತ್ರದ ಪರೀಕ್ಷೆಯಾದ ಬಳಿಕವೂ ಕೆಲಸವು ಮುಗಿಯುವುದಿಲ್ಲ. 2023ರ ನವೆಂಬರ್ 13ರ ಈಚೆಗೆ ತೆರೆದ ವೈಯಕ್ತಿಕ ಖಾತೆಯವರು ತಮ್ಮ ಆ್ಯಪನ್ನು ಕನಿಷ್ಠ 12 ಜನರ ಕೈಗೆ ಕೊಟ್ಟು, ನಡುವೆ ಕಡಿಯದಂತೆ 14 ದಿನ ಪರೀಕ್ಷೆಗೆ ಇಡಬೇಕು. ಮೊದಲು 20 ಜನ ಬೇಕಾಗಿತ್ತು. 2024ರ ಡಿಸೆಂಬರಿನಲ್ಲಿ ಅದನ್ನು ಇಳಿಸಿದರು. ಹಣ ಕೊಟ್ಟರೆ ಹನ್ನೆರಡು ಜನರನ್ನು ಒದಗಿಸುವ ವ್ಯಾಪಾರಿಗಳೂ ಹುಟ್ಟಿಕೊಂಡಿದ್ದಾರೆ. ಅವರ ಗೊಡವೆ ಬೇಡ. ಮುದ್ದೇಬಿಹಾಳದ ಸೋದರಮಾವ, ಸಿಂದಗಿಯ ಅಕ್ಕ, ಇಂಡಿಯಲ್ಲಿ ಲಿಂಬೆ ಬೆಳೆಯುವ ನೆರೆಯವರು ಇವರೇ ನಿಜವಾದ ಪರೀಕ್ಷಕರು. “ಅಕ್ಷರವು ಸಣ್ಣದಾಯಿತು, ಬಿಸಿಲಿನಲ್ಲಿ ಕಾಣಿಸದು” ಎಂದು ಅವರು ಹೇಳುವಂತೆ ಕೂಲಿಯ ಪರೀಕ್ಷಕನು ಹೇಳನು.

ಅಂಗಡಿಯ ಸಹವಾಸವೇ ಬೇಡ, ವಾಟ್ಸಾಪಿನಲ್ಲಿ ಕಡತವನ್ನು ಕಳಿಸಿದರಾಯಿತು ಎನ್ನುವ ತರುಣರೂ ಇದ್ದಾರೆ. ಆದರೆ ಹಾಗೆ ಹೊರಗಿನಿಂದ ಇಳಿಸಿಕೊಳ್ಳುವ ಆ್ಯಪುಗಳ ರಚಕರೂ ತಮ್ಮ ಗುರುತನ್ನು ದೃಢಪಡಿಸಬೇಕೆಂಬ ನಿಯಮವನ್ನು ಗೂಗಲ್ 2025ರ ಆಗಸ್ಟಿನಲ್ಲಿ ಸಾರಿತು. 2026ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್ ದೇಶಗಳಲ್ಲಿ ಮೊದಲು ಮಾಡಿ, 2027ರಿಂದ ಉಳಿದ ದೇಶಗಳಿಗೆ ಹಬ್ಬಿಸುವುದೆಂದು ಆಗ ತಿಳಿಸಿದ್ದರು. ವಿದ್ಯಾರ್ಥಿಗಳಿಗೂ ಹವ್ಯಾಸಿಗಳಿಗೂ ಬೇರೆ ಬಗೆಯ ಖಾತೆಯನ್ನು ಮಾಡುವುದಾಗಿ ಹೇಳಿದ್ದರು. ಈ ವರ್ಷ ಕಾಲೇಜು ಸೇರಿದ ಮಕ್ಕಳ ತಾಯಿತಂದೆಗಳು ಖಾತೆಗೆ ಹಣ ತುಂಬುವ ಮುನ್ನ ಆ ನಿಯಮವು ಯಾವ ಹಂತಕ್ಕೆ ಬಂದಿದೆಯೆಂಬುದನ್ನು ಮಕ್ಕಳಿಂದಲೇ ಓದಿಸಿ ಕೇಳಬಹುದು.