ಚಿಕಿತ್ಸೆಯೇ ತರುವ ಆಘಾತ

1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್ ನಗರದಲ್ಲಿ ಡಾ. ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ರೋಗಿಯೊಬ್ಬನ ಹೃದಯಧಮನಿಯೊಳಗೆ ಪುಟ್ಟ ಬಲೂನನ್ನು ಉಬ್ಬಿಸಿ ಇಕ್ಕಟ್ಟನ್ನು ಬಿಡಿಸಿದರು. ಆಂಜಿಯೊಪ್ಲಾಸ್ಟಿ ಎಂಬ ಈ ಚಿಕಿತ್ಸೆ ಅನೇಕರ ಪ್ರಾಣವನ್ನುಳಿಸಿದೆ. ಆದರೂ ಹೃದಯಾಘಾತವನ್ನು ತಡೆಯಬಂದ ಉಪಾಯವೇ ಒಮ್ಮೊಮ್ಮೆ ಅದಕ್ಕೆ ಕಾರಣವಾಗುವುದುಂಟು.

ಬಲೂನಿನ ಒತ್ತಡಕ್ಕೆ ಧಮನಿಯ ಒಳಪದರ ಸೀಳಬಹುದು. ಕೊಬ್ಬಿನ ಚೂರುಗಳು ಕಿರುನಾಳಗಳನ್ನು ಮುಚ್ಚಬಹುದು. ಸ್ಟೆಂಟು ಪಕ್ಕದ ಕವಲಿಗೆ ಅಡ್ಡವಾಗಬಹುದು. ಆಗ ರಕ್ತ ದೊರೆಯದ ಸ್ನಾಯು ಸಾಯುತ್ತದೆ. ಅದರಿಂದ ಸೋರಿದ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಪರೀಕ್ಷೆಯಲ್ಲಿ ಗೋಚರಿಸುತ್ತದೆ. ಅಲ್ಪ ಏರಿಕೆ ಕಂಡ ಮಾತ್ರಕ್ಕೆ ಆಘಾತವೆನ್ನಲಾಗದು. ಇಸಿಜಿ ಮುಂತಾದವುಗಳ ಸಾಕ್ಷ್ಯವೂ ಬೇಕು.

ಚಿಕಿತ್ಸೆಯ ಬಳಿಕ ಎದೆನೋವು ಮರುಕಳಿಸಿದರೆ ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು. ಸ್ಟೆಂಟು ಇರಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು, ಮೈ ಹಗುರಾಯಿತೆಂದು ತಾವಾಗಿಯೇ ನಿಲ್ಲಿಸಕೂಡದು.